ಅರಕಲಗೂಡಿನ ಮಗುವಿಗೆ ಯಾರ ಅಳತೆಯ ಔಷಧ?

ಕ್ಯಾನ್ಸರ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ‘ಕ್ಲಿನಿಕಲ್ ಟ್ರಯಲ್’ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಹಾಸನದ ಕಡೆಯ ತಂದೆತಾಯಿ ಕೇಳುವುದು ಒಂದೇ: “ಡಾಕ್ಟ್ರೇ, ನಮ್ ಮಗೀನ್ ಮೇಲೆ ಪ್ರಯೋಗ ಮಾಡ್ತೀರಾ?” ಕೇಳಲೇಬೇಕಾದ ಪ್ರಶ್ನೆ ಇದು. ಕೇಳದೆ ಸಹಿ ಹಾಕಿದರೆ ಅದೇ ಅಪಾಯ. ಆದರೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಟ್ರಯಲ್ ಗಿಯಲ್ ಬೇಡ, ಎಲ್ಲರಿಗೂ ಕೊಡುವ ಮಾಮೂಲಿ ಚಿಕಿತ್ಸೆಯೇ ಸಾಕು ಅನ್ನುತ್ತೇವಲ್ಲ, ಆ ಮಾಮೂಲಿ ಚಿಕಿತ್ಸೆ ಬಂದಿದ್ದು ಎಲ್ಲಿಂದ? ಯಾವ ಔಷಧ ಮೊದಲು, ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂದು ನಿರ್ಧರಿಸಿದವರು ಯಾರು? ಯಾವ ದೇಶದ ಮಕ್ಕಳನ್ನು ನೋಡಿ ನಿರ್ಧರಿಸಿದರು?

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಎಎಲ್ಎಲ್. ಜನರ ಬಾಯಲ್ಲಿ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟಿ, ಕೆಂಪು ಕಣಗಳಿಗೂ ಪ್ಲೇಟ್‌ಲೆಟ್‌ಗಳಿಗೂ ಜಾಗವಿಲ್ಲದಂತೆ ಮಾಡುವ ಕಾಯಿಲೆ. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಐದಾರು ವರ್ಷದ ಮಗುವಿಗೆ ಇದು ಬಂತು ಅಂದುಕೊಳ್ಳಿ. ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಕಾಲುನೋವು ಅಂತ ರಾತ್ರಿ ಅಳುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ದೃಷ್ಟಿ ತೆಗೆಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ಊರಿನ ಕ್ಲಿನಿಕ್ಕಿಗೆ ಎರಡು ಮೂರು ಬಾರಿ ಹೋಗಿದ್ದೂ ಆಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಕಮ್ಮಿ ಇದೆ ಅನ್ನುತ್ತಾರೆ. ಡೆಂಗಿ ಇರಬೇಕು ಎಂದು ಇನ್ನೊಂದು ವಾರ ಹೋಗುತ್ತದೆ. ಹಾಸನದ ಜಿಲ್ಲಾಸ್ಪತ್ರೆಗೆ ಹೋದಾಗ ಅಲ್ಲಿಯ ವೈದ್ಯರು ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ತಡಮಾಡದೆ ಬೆಂಗಳೂರಿಗೆ ಹೋಗಿ ಅನ್ನುತ್ತಾರೆ. ಬೆಂಗಳೂರು ಅಂದರೆ ಬಹುಪಾಲು ಕುಟುಂಬಗಳಿಗೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ.

ಈ ದಾರಿಯಲ್ಲಿ ಒಂದು ಸಣ್ಣ ಸಂಗತಿ ಯಾರ ಗಮನಕ್ಕೂ ಬಾರದೆ ಹೋಗಬಹುದು. ಕೈಕಾಲು ನೋವಿಗೋ, ಬಿಡದ ಜ್ವರಕ್ಕೋ ಊರಿನ ಕ್ಲಿನಿಕ್ಕಿನಲ್ಲಿ ಮಗುವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಬಿದ್ದಿರುತ್ತದೆ, ಅಥವಾ ಪುಡಿ ಮಾಡಿದ ಮಾತ್ರೆಯ ಪೊಟ್ಟಣದಲ್ಲಿ ಸ್ಟಿರಾಯ್ಡ್ ಸೇರಿರುತ್ತದೆ. ಎರಡು ದಿನದಲ್ಲಿ ಮಗು ಎದ್ದು ಆಟವಾಡುತ್ತದೆ. ಮನೆಯವರಿಗೆ ಸಮಾಧಾನ. ನಡೆದಿರುವುದು ಬೇರೆ. ಸ್ಟಿರಾಯ್ಡ್ ಈ ಲ್ಯುಕೇಮಿಯಾ ಕಣಗಳನ್ನೇ ಕೊಲ್ಲುವ ಔಷಧ. ಒಂದಿಷ್ಟು ಕಣಗಳು ಸತ್ತು, ಕಾಯಿಲೆ ಮರೆಯಾಗಿ, ಕೆಲವು ವಾರಗಳ ಬಳಿಕ ಮತ್ತೆ ಎದ್ದು ಬರುತ್ತದೆ. ಅಷ್ಟೊತ್ತಿಗೆ ರೋಗದ ಮೂಲ ಪ್ರಮಾಣ ಎಷ್ಟಿತ್ತು ಎಂದು ಅಳೆಯುವುದು ಕಷ್ಟವಾಗುತ್ತದೆ. ಮಗುವನ್ನು ಯಾವ ಅಪಾಯದ ಗುಂಪಿಗೆ ಸೇರಿಸಬೇಕು, ಎಷ್ಟು ಕಟುವಾದ ಚಿಕಿತ್ಸೆ ಕೊಡಬೇಕು ಎಂಬ ಲೆಕ್ಕವೇ ಏರುಪೇರಾಗುತ್ತದೆ. ಈ ಸ್ಟಿರಾಯ್ಡನ್ನು ನೆನಪಿನಲ್ಲಿಟ್ಟುಕೊಳ್ಳಿ. ಭಾರತದ ಮಕ್ಕಳ ಕ್ಯಾನ್ಸರ್ ಟ್ರಯಲ್‌ಗಳ ಒಂದು ಮುಖ್ಯ ಪ್ರಶ್ನೆ ಇದರ ಸುತ್ತಲೇ ಇದೆ.

ಹದಿನಾರು ಮಕ್ಕಳಿಂದ ಆರಂಭ

1947ರ ತನಕ ಎಎಲ್ಎಲ್ ಬಂದ ಮಗುವಿಗೆ ರಕ್ತ ಕೊಡುವುದು, ನೋವು ಕಡಿಮೆ ಮಾಡುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಏನೂ ಇರಲಿಲ್ಲ. ಆ ವರ್ಷ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯ ಫೋಲಿಕ್ ಆಮ್ಲಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಮಕ್ಕಳಿಗೆ ಕೊಟ್ಟು ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರು. ಚೇತರಿಕೆ ತಾತ್ಕಾಲಿಕ, ಕಾಯಿಲೆ ಮತ್ತೆ ಬಂತು. ಆದರೂ ರಕ್ತದ ಕ್ಯಾನ್ಸರ್ ಔಷಧಕ್ಕೆ ಬಗ್ಗುತ್ತದೆ ಎಂಬುದು ಮೊದಲ ಬಾರಿಗೆ ರುಜುವಾತಾಯಿತು. 1948ರಲ್ಲಿ ಆ ವರದಿ ಪ್ರಕಟವಾಯಿತು. ಔಷಧ ತಯಾರಾಗಿದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಬಗೆಯ ಔಷಧವಾದ ಮೆಥೋಟ್ರೆಕ್ಸೇಟ್ ಇವತ್ತಿಗೂ ಎಎಲ್ಎಲ್ ಮಕ್ಕಳ ಚೀಟಿಯಲ್ಲಿ ಇರುತ್ತದೆ.

ಆಮೇಲೆ ಬಂದದ್ದು 6-ಮರ್ಕಾಪ್ಟೊಪ್ಯೂರಿನ್. ಬಳಿಕ ನಮ್ಮ ಹಿತ್ತಿಲಲ್ಲೇ ಅರಳುವ ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್. ಒಂದೊಂದೇ ಔಷಧ ಕೊಟ್ಟರೆ ಕೆಲವು ತಿಂಗಳು ಆಯುಷ್ಯ ಹೆಚ್ಚುತ್ತಿತ್ತು, ಅಷ್ಟೆ. ಅಮೆರಿಕದ ಮೆಂಫಿಸ್‌ನಲ್ಲಿ 1962ರಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಎಲ್ಲ ಔಷಧಗಳನ್ನೂ ಒಟ್ಟಿಗೆ ಹೆಣೆದರು. ಮಿದುಳಿನ ಸುತ್ತ ಅಡಗಿ ಕೂತ ಕಣಗಳಿಗೆ ಬೆನ್ನಿಗೆ ಇಂಜೆಕ್ಷನ್, ತಲೆಗೆ ವಿಕಿರಣ, ಆನಂತರ ಎರಡು ಮೂರು ವರ್ಷ ಬಿಡದೆ ಮಾತ್ರೆ. ಒಂದಾದ ಮೇಲೊಂದು ಟ್ರಯಲ್ ನಡೆಸುತ್ತ 1960ರ ದಶಕದ ಕೊನೆಗೆ ಸುಮಾರು ಅರ್ಧದಷ್ಟು ಮಕ್ಕಳನ್ನು ಗುಣಪಡಿಸುವ ಹಂತ ತಲುಪಿದರು.

ಮುಂದಿನ ಐವತ್ತು ವರ್ಷದ ಕಥೆಯಲ್ಲಿ ಹೊಸ ಔಷಧಗಳ ಪಾಲು ಚಿಕ್ಕದು. ಹಳೆಯ ಔಷಧಗಳನ್ನೇ ಯಾವ ಕ್ರಮದಲ್ಲಿ, ಯಾವ ಮಗುವಿಗೆ ಹೆಚ್ಚು, ಯಾವ ಮಗುವಿಗೆ ಕಡಿಮೆ ಕೊಡಬೇಕೆಂದು ಸಾವಿರಾರು ಮಕ್ಕಳ ಟ್ರಯಲ್‌ಗಳಿಂದ ಕಂಡುಕೊಂಡದ್ದೇ ದೊಡ್ಡದು. ಶ್ರೀಮಂತ ದೇಶಗಳಲ್ಲಿ ಇಂದು ಎಎಲ್ಎಲ್ ಬಂದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಬದುಕುತ್ತಾರೆ. ಚಿಕಿತ್ಸೆಯನ್ನು ಕಡಿಮೆ ಮಾಡಬಹುದೇ ಎಂದು ಕೇಳಿದ ಟ್ರಯಲ್‌ಗಳೂ ಈ ಸಾಲಿನಲ್ಲಿವೆ. ತಲೆಗೆ ವಿಕಿರಣ ಕೊಟ್ಟ ಮಕ್ಕಳು ಮುಂದೆ ಓದಿನಲ್ಲಿ ಹಿಂದುಳಿಯುತ್ತಿದ್ದರು, ಬೆಳವಣಿಗೆ ಕುಂಠಿತವಾಗುತ್ತಿತ್ತು. ಔಷಧಗಳನ್ನು ಸರಿಯಾಗಿ ಹೊಂದಿಸಿಕೊಟ್ಟರೆ ಆ ವಿಕಿರಣವನ್ನು ಪೂರ್ತಿ ಕೈಬಿಡಬಹುದು ಎಂದು 2009ರಲ್ಲಿ ಸೇಂಟ್ ಜೂಡ್‌ನ ಟ್ರಯಲ್ ತೋರಿಸಿತು. ಯಕೃತ್ತಿನ ಗಡ್ಡೆಗೆ ಕೊಡುವ ಸಿಸ್‌ಪ್ಲಾಟಿನ್ ಮಕ್ಕಳ ಕಿವಿ ಕೆಡಿಸುತ್ತದೆ. ಆ ಔಷಧ ಕೊಟ್ಟ ಆರು ಗಂಟೆಯ ನಂತರ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಕಿವಿ ಉಳಿದೀತೇ ಎಂದು ಹಲವು ದೇಶಗಳ ಆಸ್ಪತ್ರೆಗಳು ಕೂಡಿ ಪರೀಕ್ಷಿಸಿದವು. ಥಯೋಸಲ್ಫೇಟ್ ಸಿಗದ ಮಕ್ಕಳಲ್ಲಿ ಶೇ 63 ಮಂದಿಗೆ ಶ್ರವಣದೋಷ ಬಂತು, ಸಿಕ್ಕವರಲ್ಲಿ ಶೇ 33 ಮಂದಿಗೆ. 2018ರಲ್ಲಿ ಈ ಫಲಿತಾಂಶ ಹೊರಬಿತ್ತು. ಮಗು ಬದುಕಿದರೆ ಸಾಲದು, ಬದುಕಿದ ಮೇಲೆ ಪಾಠ ಕೇಳಿಸಿಕೊಳ್ಳಲೂ ಬೇಕು ಎಂಬ ಕಾಳಜಿಯಿಂದ ಹುಟ್ಟಿದ ಟ್ರಯಲ್ ಅದು.

ಪರದೇಶದ ಅಳತೆ, ನಮ್ಮ ಮೈ

ಹಾಗಾದರೆ ಅಲ್ಲಿ ಸಾಬೀತಾದ ಚಿಕಿತ್ಸೆಯನ್ನು ಇಲ್ಲಿ ತಂದು ಕೊಟ್ಟರೆ ಆಯಿತಲ್ಲ, ಇಲ್ಲಿ ಮತ್ತೆ ಟ್ರಯಲ್ ಏಕೆ? 1980ರ ದಶಕದಲ್ಲಿ ಭಾರತದ ವೈದ್ಯರ ಮುಂದೆಯೂ ಇದೇ ಪ್ರಶ್ನೆ ಇತ್ತು. 1970ರ ದಶಕದಲ್ಲಿ ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಕಾಯಿಲೆ ಮರುಕಳಿಸದೆ ಬದುಕುತ್ತಿದ್ದ ಎಎಲ್ಎಲ್ ಮಕ್ಕಳು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. 1984ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಸೇರಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರ ಜೊತೆಗೂಡಿ ಎಂಸಿಪಿ-841 ಎಂಬ ಒಂದೇ ಚಿಕಿತ್ಸಾ ಕ್ರಮವನ್ನು ಜಾರಿಗೆ ತಂದವು. ನಮ್ಮ ಆಸ್ಪತ್ರೆಗಳ ರಕ್ತನಿಧಿ, ಹಾಸಿಗೆ, ನರ್ಸ್‌ಗಳ ಸಂಖ್ಯೆ ಎಲ್ಲಕ್ಕೂ ಹೊಂದುವಂತೆ ರೂಪಿಸಿದ ಕ್ರಮ ಅದು. ನಾಲ್ಕು ವರ್ಷದ ಬಳಿಕ ನೋಡಿದರೆ ಕಾಯಿಲೆಯಿಲ್ಲದೆ ಬದುಕಿದವರ ಪ್ರಮಾಣ ಶೇ 45ರಿಂದ 60ಕ್ಕೆ ಏರಿತ್ತು. ದೇಶದ ಬೇರೆ ಬೇರೆ ಆಸ್ಪತ್ರೆಗಳೂ ಅದನ್ನೇ ಅನುಸರಿಸಿದವು.

ಹದಿನಾಲ್ಕು ವರ್ಷಗಳ ಆ ಅನುಭವವನ್ನು 2005ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದಾಗ ಮುಖ್ಯವಾದ ಸಂಗತಿಯೊಂದು ಕಣ್ಣಿಗೆ ಬಿತ್ತು. ಪಶ್ಚಿಮದ ಮಕ್ಕಳಿಗಿಂತ ನಮ್ಮ ಮಕ್ಕಳು ಹಿಂದೆ ಬಿದ್ದದ್ದಕ್ಕೆ ದೊಡ್ಡ ಕಾರಣ ಕ್ಯಾನ್ಸರ್ ಒಂದೇ ಆಗಿರಲಿಲ್ಲ, ಚಿಕಿತ್ಸೆಯ ಅಡ್ಡಪರಿಣಾಮದಿಂದಾದ ಸಾವುಗಳೂ ಆಗಿದ್ದವು. ಕಿಮೊ ಕೊಟ್ಟಾಗ ಬಿಳಿ ರಕ್ತಕಣಗಳ ಕೌಂಟ್ ಇಳಿಯುತ್ತದೆ. ಆಗ ಸೋಂಕು ತಗುಲಿದರೆ ಮೈ ತಡೆಯುವುದಿಲ್ಲ. ನಮ್ಮ ಮಕ್ಕಳು ಆಸ್ಪತ್ರೆಗೆ ಬರುವಾಗಲೇ ಕಾಯಿಲೆ ಬಲಿತಿರುತ್ತಿತ್ತು. ಮನೆಯಲ್ಲಿ ನೀರು ನೈರ್ಮಲ್ಯದ ಕೊರತೆ. ಜ್ವರ ಬಂದ ರಾತ್ರಿ ಹತ್ತಿರದಲ್ಲಿ ತುರ್ತು ಚಿಕಿತ್ಸೆ ಇಲ್ಲ. ಬಿಳಿಯರ ದೇಶದ ಟ್ರಯಲ್‌ನಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಸಾವುಗಳಿವು, ಏಕೆಂದರೆ ಅಲ್ಲಿಯ ಮಗುವಿಗೆ ಜ್ವರ ಬಂದರೆ ಅದು ಸಾಮಾನ್ಯವಾಗಿ ಬೇಗನೆ ಆಸ್ಪತ್ರೆಯಲ್ಲಿರುತ್ತದೆ.

ನಮ್ಮ ಮೈಯ ಗುಣವೂ ಬೇರೆ. 6-ಮರ್ಕಾಪ್ಟೊಪ್ಯೂರಿನ್ ಮಾತ್ರೆಯನ್ನೇ ನೋಡಿ. ಎಎಲ್ಎಲ್ ಚಿಕಿತ್ಸೆಯ ಕೊನೆಯ ಹಂತದಲ್ಲಿ, ಸುಮಾರು ಎರಡು ವರ್ಷ, ಪ್ರತಿದಿನ ಮನೆಯಲ್ಲೇ ಈ ಮಾತ್ರೆ ನುಂಗಬೇಕು. 50 ಮಿಲಿಗ್ರಾಂ ಮಾತ್ರೆಯಲ್ಲಿ ಮಗುವಿನ ಮೈಯಳತೆಗೆ ತಕ್ಕಂತೆ ಇವತ್ತು ಅರ್ಧ, ನಾಳೆ ಒಂದು ಎಂದು ವೈದ್ಯರು ಬರೆದುಕೊಡುತ್ತಾರೆ. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಜೊತೆಗೆ ವಾರಕ್ಕೆ ಒಂದೇ ಬಾರಿ ಮೆಥೋಟ್ರೆಕ್ಸೇಟ್. ಅದನ್ನು ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಕೆಲವು ಮಕ್ಕಳಲ್ಲಿ ಈ 6-ಮರ್ಕಾಪ್ಟೊಪ್ಯೂರಿನ್‌ನ ಸಾಮಾನ್ಯ ಪ್ರಮಾಣವೇ ವಿಷವಾಗಿ ಕೌಂಟ್ ನೆಲಕಚ್ಚುತ್ತದೆ. ಇದಕ್ಕೆ ಟಿಪಿಎಂಟಿ ಎಂಬ ಜೀನ್‌ನ ವ್ಯತ್ಯಾಸ ಕಾರಣವೆಂದು ಪಶ್ಚಿಮದಲ್ಲಿ ದಶಕಗಳ ಹಿಂದೆಯೇ ಕಂಡುಕೊಂಡಿದ್ದರು, ಪರೀಕ್ಷೆಯೂ ಬಂದಿತ್ತು. ಏಷ್ಯಾದ ಮಕ್ಕಳಲ್ಲಿ ಮಾತ್ರ ಆ ಪರೀಕ್ಷೆ ಸರಿ ಬಂದರೂ ಕೌಂಟ್ ಬೀಳುತ್ತಿತ್ತು. ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್‌ನ ವ್ಯತ್ಯಾಸ ಕಾರಣವೆಂದು ಗೊತ್ತಾದದ್ದು 2014ರಲ್ಲಿ, ಕೊರಿಯಾದ ರೋಗಿಗಳ ಅಧ್ಯಯನದಿಂದ. ಮರುವರ್ಷ ಎಎಲ್ಎಲ್ ಮಕ್ಕಳಲ್ಲೂ ಅದು ದೃಢಪಟ್ಟಿತು. ಯುರೋಪಿಯನ್ ಮೂಲದವರಲ್ಲಿ ಅಪರೂಪ, ಏಷ್ಯಾದಲ್ಲಿ ಸಾಮಾನ್ಯ, ಭಾರತೀಯರಲ್ಲೂ ಉಂಟು. ಔಷಧ ಬಂದು ಅರವತ್ತು ವರ್ಷ ಆಗುವವರೆಗೂ ಇದು ತಿಳಿಯಲಿಲ್ಲ. ದೊಡ್ಡ ಟ್ರಯಲ್‌ಗಳಲ್ಲಿ ಇದ್ದ ಮಕ್ಕಳು ಬಹುಪಾಲು ಯುರೋಪಿಯನ್ ಮೂಲದವರು. ಬೇರೆಯವರ ಅಳತೆಗೆ ಹೊಲಿದ ಅಂಗಿ ನಮ್ಮ ಮಗುವಿಗೆ ಎಲ್ಲಿ ಬಿಗಿಯುತ್ತದೆ ಎಂದು ನಮ್ಮ ಮಗುವಿಗೆ ತೊಡಿಸಿಯೇ ನೋಡಬೇಕು.

ಮೂರು ವಾರವೋ, ಐದು ವಾರವೋ

ಈಗ ಸ್ಟಿರಾಯ್ಡ್‌ಗೆ ಮರಳೋಣ. ಚಿಕಿತ್ಸೆಯ ಮೊದಲ ಹಂತದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ವಾರಗಟ್ಟಲೆ ಕೊಡುತ್ತಾರೆ. ಮಗುವಿನ ಕೆನ್ನೆ ಊದಿ ದುಂಡಗಾಗುತ್ತದೆ, ಹೊತ್ತುಗೊತ್ತಿಲ್ಲದೆ ಹಸಿವಾಗುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ಊಟ ಕೇಳುತ್ತದೆ. ಲ್ಯುಕೇಮಿಯಾ ಕಣಗಳನ್ನು ಕೊಲ್ಲುವ ಇದೇ ಔಷಧ ಸೋಂಕಿನ ವಿರುದ್ಧದ ಶಕ್ತಿಯನ್ನೂ ಕುಗ್ಗಿಸುತ್ತದೆ. ಸೋಂಕಿನ ಸಾವು ಕಡಿಮೆ ಇರುವ ದೇಶದಲ್ಲಿ ಐದು ವಾರ ಕೊಟ್ಟರೂ ನಡೆದೀತು. ಸೋಂಕೇ ದೊಡ್ಡ ಶತ್ರುವಾಗಿರುವ ನಮ್ಮಲ್ಲಿ, ಅಪಾಯ ಕಡಿಮೆಯಿರುವ ಚಿಕ್ಕ ಮಕ್ಕಳಿಗೆ ಮೂರು ವಾರ ಸಾಕಾಗಬಹುದೇ?

ಈ ಪ್ರಶ್ನೆಯನ್ನು ಕೇಳಿದ್ದು ಐಸಿಕಲ್-ಎಎಲ್ಎಲ್-14 ಎಂಬ ಭಾರತೀಯ ಟ್ರಯಲ್. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ಚೆನ್ನೈನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಸೇರಿದ ಗುಂಪು ಇದನ್ನು ರೂಪಿಸಿತು. 2015ರಲ್ಲಿ ನೋಂದಣಿಯಾಗಿ 2016ರಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಲು ಆರಂಭಿಸಿತು. ಕಾಯಿಲೆಯ ಲಕ್ಷಣ, ಜೀನ್ ಪರೀಕ್ಷೆ, ಮೊದಲ ಹಂತ ಮುಗಿದ ಮೇಲೆ ಮಜ್ಜೆಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದ ಕ್ಯಾನ್ಸರ್ ಕಣಗಳ ಲೆಕ್ಕ, ಇವನ್ನೆಲ್ಲ ನೋಡಿ ಮಕ್ಕಳನ್ನು ಅಪಾಯದ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಪ್ರೆಡ್ನಿಸೊಲೋನ್ ಅವಧಿ ಟ್ರಯಲ್‌ನ ಒಂದು ಪ್ರಶ್ನೆ. ಚಿಕಿತ್ಸೆಯ ಮುಂದಿನ ಘಟ್ಟದಲ್ಲಿ ಡಾಕ್ಸೊರುಬಿಸಿನ್ ಬದಲು ಮೈಟೊಕ್ಸಾಂಟ್ರೋನ್ ಕೊಟ್ಟರೆ ಹೆಚ್ಚು ಮಕ್ಕಳು ಉಳಿಯುತ್ತಾರೆಯೇ ಎಂಬುದು ಇನ್ನೊಂದು. ಎರಡೂ ಹಳೆಯ ಔಷಧಗಳೇ. ಕಂಪನಿಯೊಂದು ತನ್ನ ಹೊಸ ಮಾಲನ್ನು ಮಾರಲು ಎತ್ತಿದ ಪ್ರಶ್ನೆಗಳಲ್ಲ ಇವು. ದಿನವೂ ವಾರ್ಡಿನಲ್ಲಿ ಮಕ್ಕಳನ್ನು ಕಳೆದುಕೊಂಡ ವೈದ್ಯರ ತಲೆಯಲ್ಲಿ ಹುಟ್ಟಿದವು.

ಟ್ರಯಲ್‌ಗೆ ಸೇರಿದ ಮಗುವಿಗೆ ಮೂರು ವಾರವೋ ಐದು ವಾರವೋ ಎಂದು ವೈದ್ಯರು ಆರಿಸುವಂತಿಲ್ಲ, ತಂದೆತಾಯಿಯೂ ಆರಿಸುವಂತಿಲ್ಲ. ಕಂಪ್ಯೂಟರ್ ಚೀಟಿ ಎತ್ತುತ್ತದೆ. ಇದನ್ನು ಕೇಳಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ: ಮಗುವಿನ ಜೀವಕ್ಕೆ ಚೀಟಿ ಎತ್ತುವುದೇ? ಆದರೆ ವೈದ್ಯರೇ ಆರಿಸಿದರೆ ಸೊರಗಿದ ಮಗುವಿಗೆ ಕಡಿಮೆ, ಗಟ್ಟಿಮುಟ್ಟಾದ ಮಗುವಿಗೆ ಹೆಚ್ಚು ಕೊಡುತ್ತಾರೆ. ಕೊನೆಗೆ ಉಳಿದವರು ಔಷಧದಿಂದ ಉಳಿದರೋ, ಮೊದಲೇ ಗಟ್ಟಿ ಇದ್ದುದರಿಂದ ಉಳಿದರೋ ಹೇಳಲಾಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ನಿಜವಾಗಿಯೂ ಯಾರಿಗೂ ಗೊತ್ತಿಲ್ಲದಿದ್ದಾಗ ಮಾತ್ರ ಚೀಟಿ ಎತ್ತುವುದು ನ್ಯಾಯ. ಒಂದು ಕಡೆ ಒಳ್ಳೆಯದೆಂದು ಮೊದಲೇ ಗೊತ್ತಿದ್ದರೆ ಆ ಟ್ರಯಲ್‌ಗೆ ಒಪ್ಪಿಗೆಯೇ ಸಿಗಕೂಡದು. ಕ್ಯಾನ್ಸರ್ ಗುಣಪಡಿಸುವ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ ಮಗುವಿಗೆ ಬರೀ ಸಕ್ಕರೆ ಗುಳಿಗೆ ಕೊಡುವ ಟ್ರಯಲ್ ನಡೆಸುವಂತಿಲ್ಲ.

ಹುಸಿಗುಳಿಗೆ ಕೊಡುವ ಸಂದರ್ಭವೂ ಒಂದಿದೆ, ಗುಣಪಡಿಸುವ ದಾರಿಗಳೆಲ್ಲ ಮುಗಿದಾಗ. ಏಮ್ಸ್‌ನಲ್ಲಿ ಗಡ್ಡೆ ಕ್ಯಾನ್ಸರ್ ಹತೋಟಿ ಮೀರಿದ 108 ಮಕ್ಕಳ ಮೇಲೆ ನಡೆದ ಟ್ರಯಲ್ ಅಂಥದ್ದು. ಮನೆಯಲ್ಲೇ ನುಂಗುವ ಕಡಿಮೆ ಪ್ರಮಾಣದ ಕಿಮೊ ಮಾತ್ರೆಗಳು ಇಂಥ ಮಕ್ಕಳ ಕಾಯಿಲೆಯನ್ನು ತಡೆದು ನಿಲ್ಲಿಸುತ್ತವೆ ಎಂಬ ನಂಬಿಕೆ ವೈದ್ಯರಲ್ಲಿತ್ತು. ಹುಸಿಗುಳಿಗೆಯ ಜೊತೆ ಹೋಲಿಸಿ ನೋಡಿದಾಗ, ಒಟ್ಟು ಗುಂಪಿನಲ್ಲಿ ಕಾಯಿಲೆ ಮುಂದುವರಿಯುವ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಸೋಲು ಅನ್ನಬೇಕಿಲ್ಲ. ಕೊನೆಯ ದಿನಗಳಲ್ಲಿ ಮಗುವಿಗೆ ಇನ್ನೊಂದು ಔಷಧದ ಭಾರ ಹೊರಿಸಬೇಕೇ ಎಂದು ಒದ್ದಾಡುವ ತಂದೆತಾಯಿಗೆ ಅದು ಪ್ರಾಮಾಣಿಕ ಉತ್ತರ ಕೊಟ್ಟಿತು.

ಸಹಿ ಹಾಕುವ ಮೊದಲು

ಟ್ರಯಲ್ ಬಗೆಗಿನ ಜನರ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ನಡೆದಾಗ, ಅನೇಕ ಬಾಲಕಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಒಪ್ಪಿಗೆಗೆ ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಆ ಗದ್ದಲದ ಬಳಿಕ ನಿಯಮಗಳು ಬಿಗಿಯಾದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಈಗ ಜಾರಿಯಲ್ಲಿವೆ. ಪ್ರತಿ ಟ್ರಯಲ್‌ಗೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಅರ್ಧದಷ್ಟಾದರೂ ಜನ ಆ ಆಸ್ಪತ್ರೆಗೆ ಸಂಬಂಧಪಡದವರಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು, ವೈದ್ಯಕೀಯಕ್ಕೆ ಸೇರದ ಒಬ್ಬ ಸಾಮಾನ್ಯ ಪ್ರಜೆ ಇರಲೇಬೇಕು. ಟ್ರಯಲ್‌ನಿಂದ ಮಗುವಿಗೆ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು. ಗಂಭೀರ ಅಡ್ಡಪರಿಣಾಮವನ್ನು ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು.

ಮಗುವಿನ ಮಾತಿಗೂ ಬೆಲೆ ಇದೆ. ಏಳರಿಂದ ಹನ್ನೆರಡು ವರ್ಷದ ಮಗುವಿಗೆ ಅದರ ಭಾಷೆಯಲ್ಲಿ ವಿವರಿಸಿ ಬಾಯಿಮಾತಿನ ಸಮ್ಮತಿ ಪಡೆಯಬೇಕು, ಹನ್ನೆರಡು ದಾಟಿದ ಮೇಲೆ ಬರವಣಿಗೆಯಲ್ಲಿ ಪಡೆಯಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ತಂದೆತಾಯಿಗೆ ಓದಲು ಬಾರದಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯ ಮುಂದೆ ಎಲ್ಲವನ್ನೂ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕು.

ಒಪ್ಪಿಗೆ ಪತ್ರ ಕೈಗೆ ಬಂದಾಗ ಹೊಳೆನರಸೀಪುರದ ತಂದೆಯೋ ಚನ್ನರಾಯಪಟ್ಟಣದ ತಾಯಿಯೋ ಸಂಕೋಚವಿಲ್ಲದೆ ಕೇಳಬೇಕಾದ ಮಾತುಗಳು ಇಷ್ಟು. ಪತ್ರ ಕನ್ನಡದಲ್ಲಿ ಇದೆಯೇ? ಟ್ರಯಲ್‌ಗೆ ಸೇರದಿದ್ದರೆ ನನ್ನ ಮಗುವಿಗೆ ಸಿಗುವ ಚಿಕಿತ್ಸೆ ಯಾವುದು, ಸೇರಿದರೆ ಅದರಲ್ಲಿ ಏನು ಬದಲಾಗುತ್ತದೆ? ಹೆಚ್ಚುವರಿ ರಕ್ತ ಪರೀಕ್ಷೆ, ಮಜ್ಜೆ ಪರೀಕ್ಷೆ ಎಷ್ಟಿದೆ, ಖರ್ಚು ಯಾರದು? ಜ್ವರ ಬಂದರೆ ರಾತ್ರಿ ಫೋನ್ ಎತ್ತುವವರು ಯಾರು? ನಡುವೆ ಬೇಡವೆನಿಸಿದರೆ ಹೊರಬರಬಹುದೇ? ಈ ಕೊನೆಯದಕ್ಕೆ ಉತ್ತರ ಯಾವತ್ತೂ ‘ಹೌದು’ ಎಂದೇ ಇರಬೇಕು. ಹೊರಬಂದ ಕಾರಣಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಪತ್ರವನ್ನು ಮನೆಗೆ ಕೊಂಡೊಯ್ದು ಓದಿಸಿಕೊಳ್ಳುತ್ತೇವೆ ಅನ್ನುವುದೂ ಹಕ್ಕು. ಪ್ರತಿ ಟ್ರಯಲ್‌ಗೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯ ನಂಬರ್ ಇರುತ್ತದೆ. 2007ರಲ್ಲಿ ಆರಂಭವಾದ ಈ ದಾಖಲೆಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ನಂಬರ್ ಹೇಳಲು ತಡವರಿಸುವವರ ಹತ್ತಿರ ಸಹಿ ಹಾಕಬೇಡಿ.

ಇನ್ನೊಂದು ಎಚ್ಚರ. ಟ್ರಯಲ್ ಎಂದರೆ ಎಲ್ಲವೂ ಒಂದೇ ಬಗೆಯದಲ್ಲ. ಮೂರನೇ ಹಂತದ್ದು ಗೊತ್ತಿರುವ ಎರಡು ಚಿಕಿತ್ಸೆಗಳ ಹೋಲಿಕೆ. ಮೊದಲ ಹಂತದ್ದು ಹೊಸ ಔಷಧದ ಸುರಕ್ಷಿತ ಪ್ರಮಾಣವನ್ನು ಹುಡುಕುವ ಕೆಲಸ, ಅದರಿಂದ ಮಗು ಗುಣವಾಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಅಲ್ಲೂ ಅಪರೂಪಕ್ಕೆ ಬಾಗಿಲು ತೆರೆಯುವುದುಂಟು. 2012ರಲ್ಲಿ ಅಮೆರಿಕದ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿಗೆ ಅವಳದೇ ರೋಗನಿರೋಧಕ ಕಣಗಳನ್ನು ಮಾರ್ಪಡಿಸಿ ಕೊಟ್ಟ ಕಾರ್-ಟಿ ಚಿಕಿತ್ಸೆ ಹಾಗೆ ಬಂದದ್ದು. ಅಂಥದ್ದೇ ಚಿಕಿತ್ಸೆಯನ್ನು ಮುಂಬೈ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿ, 2023ರಲ್ಲಿ ಕೇಂದ್ರದ ಅನುಮತಿ ಪಡೆದವು.

ಬಸ್ ಚಾರ್ಜೂ ವಿಜ್ಞಾನದ ಭಾಗ

ಇಷ್ಟೆಲ್ಲ ಆದರೂ ಹಾಸನ ಜಿಲ್ಲೆಯ ಮಗು ಟ್ರಯಲ್‌ಗೆ ಸೇರಿ ಕೊನೆಯವರೆಗೆ ಉಳಿಯುವುದು ಔಷಧದ ಮೇಲಷ್ಟೇ ನಿಂತಿಲ್ಲ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೊಮೀಟರ್. ಚನ್ನರಾಯಪಟ್ಟಣ ಹೆದ್ದಾರಿಯ ಮೇಲೇ ಇದೆ, 2017ರಿಂದ ಶ್ರವಣಬೆಳಗೊಳದ ಮೇಲೆ ಹೋಗುವ ರೈಲೂ ಉಂಟು. ಹೊಳೆನರಸೀಪುರಕ್ಕೆ ಮೈಸೂರು ಕಡೆಯ ರೈಲು ಇದೆ. ಅರಕಲಗೂಡಿಗೆ ರೈಲೇ ಇಲ್ಲ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಬಸ್ ಹತ್ತಿ ಇಳಿಯಬೇಕು. ಕೌಂಟ್ ಕಡಿಮೆ ಇರುವ ಮಗುವನ್ನು ಕಿಕ್ಕಿರಿದ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಬೇಕು. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ಆಲೂಗಡ್ಡೆ ಬಿತ್ತನೆಯ ಹೊತ್ತಿನಲ್ಲೋ, ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುವಾಗಲೋ ಅಪ್ಪ ಬೆಂಗಳೂರಿನಲ್ಲಿ ಕೂತರೆ ಆ ವರ್ಷದ ಆದಾಯ ಹೋಯಿತು. ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನು ಅಜ್ಜಿ ನೋಡಿಕೊಳ್ಳಬೇಕು.

ಹೀಗೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಚಿಕಿತ್ಸೆಗೆ ಬಾರದಿದ್ದರೆ ಅದನ್ನು ‘ಚಿಕಿತ್ಸೆ ತ್ಯಜಿಸಿದಂತೆ’ ಎಂದು ಮಕ್ಕಳ ಕ್ಯಾನ್ಸರ್ ವೈದ್ಯರ ಅಂತರರಾಷ್ಟ್ರೀಯ ಸಂಘಟನೆ ಲೆಕ್ಕ ಹಾಕುತ್ತದೆ. ಶ್ರೀಮಂತ ದೇಶದ ಟ್ರಯಲ್‌ಗಳಲ್ಲಿ ಈ ಲೆಕ್ಕವೇ ಬೇಕಾಗಿರಲಿಲ್ಲ. ನಮ್ಮಲ್ಲಿ ಇದನ್ನು ಎಣಿಸದ ಟ್ರಯಲ್ ಅರ್ಧ ಸತ್ಯ ಹೇಳುತ್ತದೆ. ಮರೆಯಾದ ಮಗುವನ್ನು ಪಟ್ಟಿಯಿಂದ ಕೈಬಿಟ್ಟರೆ ಔಷಧ ಚೆನ್ನಾಗಿ ಕೆಲಸ ಮಾಡಿದಂತೆ ಕಾಣುತ್ತದೆ, ಆ ಮಗು ಮಾತ್ರ ಎಲ್ಲೂ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. 2030ರೊಳಗೆ ಜಗತ್ತಿನಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 60 ಮಂದಿಯಾದರೂ ಬದುಕಬೇಕು ಎಂದು ಅದು 2018ರಲ್ಲಿ ಗುರಿ ಇಟ್ಟಿತು. ಆ ಗುರಿಗೂ ನಮಗೂ ನಡುವಿನ ದೂರದಲ್ಲಿ ಔಷಧಶಾಸ್ತ್ರದಷ್ಟೇ ಬಸ್ ಚಾರ್ಜೂ ಇದೆ.

ಹಾಗಾಗಿ ಹಾಸನದಲ್ಲೇ ಆಗಬೇಕಾದ ಕೆಲಸಗಳಿವೆ, ಅವುಗಳಲ್ಲಿ ಬಹುಪಾಲಿಗೆ ದೊಡ್ಡ ಯಂತ್ರಗಳೂ ಬೇಕಿಲ್ಲ. ಎರಡು ವಾರ ದಾಟಿದ ಜ್ವರ, ಕಾರಣವಿಲ್ಲದ ಕಾಲುನೋವು, ಬಿಳಚಿದ ಮುಖ, ಮೈಮೇಲೆ ನೀಲಿ ಕಲೆ ಇರುವ ಮಗುವಿಗೆ ರಕ್ತ ಪರೀಕ್ಷೆಗೆ ಮೊದಲು ಸ್ಟಿರಾಯ್ಡ್ ಕೊಡದಿರುವುದು ಊರಿನ ಪ್ರತಿ ಕ್ಲಿನಿಕ್ಕಿನ ನಿಯಮವಾಗಬೇಕು. ಕಿಮೊ ನಡೆಯುತ್ತಿರುವ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಹೋಗಬೇಕು. ಆ ಒಂದು ಗಂಟೆಯಲ್ಲಿ ಬೆಂಗಳೂರು ಸಿಗುವುದಿಲ್ಲ, ತಾಲ್ಲೂಕು ಆಸ್ಪತ್ರೆ ಸಿಗುತ್ತದೆ. ಮಗುವಿನ ಚಿಕಿತ್ಸಾ ಪುಸ್ತಕ ನೋಡಿ ಮೊದಲ ಡೋಸ್ ಕೊಟ್ಟು, ಆಮೇಲೆ ಕಿದ್ವಾಯಿಗೆ ಫೋನ್ ಮಾಡುವ ವ್ಯವಸ್ಥೆ ಅರಕಲಗೂಡಿನಲ್ಲೂ ಹೊಳೆನರಸೀಪುರದಲ್ಲೂ ಇರಬೇಕು. ಕೌಂಟ್ ಪರೀಕ್ಷೆ, ಮನೆ ಹಂತದ ಮಾತ್ರೆ, ತಿಂಗಳ ತಪಾಸಣೆ ಇವನ್ನು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲೇ ಮಾಡಿ ಬೆಂಗಳೂರಿಗೆ ವರದಿ ಕಳಿಸಿದರೆ ಎಷ್ಟೋ ಪ್ರಯಾಣ ತಪ್ಪುತ್ತದೆ. ಟ್ರಯಲ್ ನಡೆಸುವವರು ಪ್ರಯಾಣ ವೆಚ್ಚವನ್ನೂ ವಸತಿಯನ್ನೂ ಮೊದಲ ದಿನದಿಂದಲೇ ಬಜೆಟ್ಟಿನಲ್ಲಿ ಬರೆಯಬೇಕು.

ಟ್ರಯಲ್‌ಗೆ ಸೇರುವುದೋ ಬಿಡುವುದೋ ಆಯಾ ಮನೆಯವರ ತೀರ್ಮಾನ. ಬೇಡ ಎಂದ ತಂದೆತಾಯಿಯನ್ನು ಯಾರೂ ತಪ್ಪಾಗಿ ನೋಡಬಾರದು. ಆದರೆ ತೀರ್ಮಾನ ಮಾಡುವ ಅವಕಾಶವೇ ದೊಡ್ಡ ನಗರದ ಮಕ್ಕಳಿಗೆ ಮಾತ್ರ ಸಿಕ್ಕರೆ, ಮುಂದಿನ ಮೂವತ್ತು ವರ್ಷದ ಔಷಧದ ಅಳತೆಯೂ ಅವರ ಮೈಗೆ, ಅವರ ಮನೆಗೆ, ಅವರ ಆಸ್ಪತ್ರೆಯ ದೂರಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಹಳ್ಳಿಯ ಮಗು ಆಗಲೂ ಬೇರೆಯವರ ಲೆಕ್ಕದ ಔಷಧವನ್ನೇ ನುಂಗಬೇಕಾಗುತ್ತದೆ, ಅದರಿಂದ ಕೌಂಟ್ ಏಕೆ ಬಿತ್ತೆಂದು ಹೇಳಲು ಯಾರ ಬಳಿಯೂ ದಾಖಲೆ ಇರುವುದಿಲ್ಲ. ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡುತ್ತೀರಾ ಎಂದು ಕೇಳುವ ತಂದೆಗೆ ವೈದ್ಯರು ಕನ್ನಡದಲ್ಲಿ, ಕಾಗದ ಪತ್ರ ಮುಂದಿಟ್ಟುಕೊಂಡು, ಅರ್ಧ ಗಂಟೆ ಕೂತು ಉತ್ತರಿಸಬೇಕು. ಆ ಅರ್ಧ ಗಂಟೆಗೆ ಬಿಡುವಿಲ್ಲದ ಆಸ್ಪತ್ರೆ ಟ್ರಯಲ್ ನಡೆಸಲೂ ಅರ್ಹವಲ್ಲ.